ಅಪ್‌ಡೇಟ್: ಕಸೂತಿಯ ಹಿಂಬದಿ ಕೊನೆಗೂ ಸರಿಯಾಯಿತು

ಕಳೆದ ತಿಂಗಳು ಕೇಳಿದ್ದೆ ಅಲ್ವಾ? ಕಸೂತಿ ಹಾಕಿದರೆ ಹಿಂಬದಿ ತುಂಬ ಗಂಟು, ಅಪ್ಲಿಕ್ (ಬಟ್ಟೆಯ ಮೇಲೆ ಬೇರೆ ಬಟ್ಟೆಯ ತುಂಡು ಇಟ್ಟು ಹೊಲಿಯುವುದು) ಮಾಡಿದರೆ ತುಂಡಿನ ಅಂಚು ಎಳೆ ಬಿಡುತ್ತದೆ, ಏನು ಮಾಡಲಿ ಅಂತ. ಉತ್ತರ ಕೊಟ್ಟ ಎಲ್ಲರಿಗೂ ಧನ್ಯವಾದ.

ಇಲ್ಲೇ ಪುಣೆಯಲ್ಲಿರುವ ಧಾರವಾಡದ ಗೆಳತಿಯೊಬ್ಬಳು ನಾಲ್ಕು ಭಾನುವಾರ ಪಕ್ಕದಲ್ಲೇ ಕೂತು ಕಲಿಸಿದಳು. ಮೊದಲು ನನ್ನ ಗಂಟುಗಳನ್ನೆಲ್ಲ ಬಿಚ್ಚಿಸಿದಳು. ಕಸೂತಿಯಲ್ಲಿ ಗಂಟೇ ಹಾಕಬಾರದಂತೆ. ದಾರದ ತುದಿ ಸ್ವಲ್ಪ ಬಿಟ್ಟು, ಆಮೇಲೆ ಹೊಲಿಗೆಯ ಕೆಳಗೆ ತೂರಿಸಬೇಕು. ಗವಂತಿ ಅನ್ನುವ ನೇರ ಗೆರೆಯ ಕಸೂತಿ ಹೊಲಿಗೆಯಲ್ಲಿ ಹೋಗುವಾಗ ಒಂದು ಬಿಟ್ಟು ಒಂದು ಹೊಲಿಗೆ, ಬರುವಾಗ ಖಾಲಿ ಜಾಗ ತುಂಬುವುದು. ಆಗ ಎರಡೂ ಬದಿ ಒಂದೇ ಥರ ಕಾಣುತ್ತದೆ. ಅದನ್ನು ಮೊದಲ ಸಲ ತಿರುಗಿಸಿ ನೋಡಿದಾಗ ಆದ ಖುಷಿ ಹೇಳತೀರದು!

ನಾನು ಎಡವುತ್ತಿದ್ದದ್ದು ಬಟ್ಟೆಯ ಎಳೆ ಎಣಿಸಿ ಹೊಲಿಯುವುದರಲ್ಲಿ. ರೇಷ್ಮೆಯ ಎಳೆ ಕಣ್ಣಿಗೇ ಕಾಣುವುದಿಲ್ಲ. ಅದಕ್ಕೆ ರೇಷ್ಮೆಯ ಮೇಲೆ ಕ್ಯಾನ್ವಾಸ್ ಬಟ್ಟೆ ಇಟ್ಟು ಟಾಕು ಹಾಕಿ, ಅದರ ಮನೆ ಎಣಿಸಿ ಹೊಲಿದೆ. ಮುಗಿದ ಮೇಲೆ ಕ್ಯಾನ್ವಾಸಿನ ಎಳೆಗಳನ್ನು ಒಂದೊಂದಾಗಿ ಎಳೆದು ತೆಗೆದೆ.

ಅಪ್ಲಿಕ್ ಅಷ್ಟು ಕಷ್ಟವಾಗಲಿಲ್ಲ. ಇಲ್ಲಿನ ತುಳಶಿಬಾಗ್ ಮಾರುಕಟ್ಟೆಯಿಂದ ತಂದ ಹತ್ತಿ ಬಟ್ಟೆಯನ್ನು ಮೊದಲು ತೊಳೆದೆ. ಗೆರೆಗಿಂತ ಕಾಲು ಇಂಚು ಜಾಸ್ತಿ ಕತ್ತರಿಸಿ, ಅಂಚನ್ನು ಒಳಗೆ ಮಡಚಿ ಇಸ್ತ್ರಿ ಮಾಡಿ, ತುಂಡಿನ ಬಣ್ಣದ ದಾರದಲ್ಲೇ ಹೊಲಿದೆ. ಮಾವಿನಕಾಯಿ ಆಕಾರ ಒಳಗೆ ಬಾಗುವ ಕಡೆ ಮಡಿಕೆಯಲ್ಲಿ ಸಣ್ಣ ಸಣ್ಣ ಕತ್ತರಿ ಹಾಕಿದರೆ ಸುಕ್ಕು ಬರುವುದಿಲ್ಲ.

ಈಗ ಅವ್ವನಿಗೆ ದಿಂಬಿನ ಕವರ್ ಹಾಕುತ್ತಿದ್ದೇನೆ. ಗೋಪುರ ಮುಗಿದಿದೆ, ಆನೆ ಅರ್ಧಕ್ಕಿದೆ. ಮೆಟ್ಟಿಲಿನಂತೆ ಅಂಕುಡೊಂಕಾಗಿ ಸಾಗುವ ಮುರ್ಗಿ ಹೊಲಿಗೆ ಮುಂದಿನ ಭಾನುವಾರ.