ದುಡ್ಡು ಹಾಕದೆ ರೂಟರ್ ಕಾನ್ಫಿಗರ್ ಮಾಡೋದು ಕಲಿಯಬಹುದಾ? ಇರೋದು 4 ಜಿಬಿ ಲ್ಯಾಪ್‌ಟಾಪ್ ಅಷ್ಟೇ

ಬೆಣ್ಣೆದೋಸೆ_ದಾವಣಗೆರೆ:
ಎಲ್ಲರಿಗೂ ನಮಸ್ಕಾರ. ಡಿಪ್ಲೊಮಾ ಮುಗಿಸಿ ಸಿಸಿಎನ್‌ಎಗೆ (ಸಿಸ್ಕೋ ಕಂಪನಿಯ ನೆಟ್‌ವರ್ಕಿಂಗ್ ಪರೀಕ್ಷೆ, 200-301) ಓದುತ್ತಿದ್ದೇನೆ. ಬೆಂಗಳೂರಿನ ಒಂದು ಇನ್‌ಸ್ಟಿಟ್ಯೂಟ್‌ಗೆ ಶನಿವಾರ-ಭಾನುವಾರದ ಲ್ಯಾಬ್ ಅಂತ ಸೇರಿದ್ದೆ. ಇಪ್ಪತ್ತು ಜನಕ್ಕೆ ಮೂರು ರೂಟರ್. ನನ್ನ ಸರದಿ ಬರುವಷ್ಟರಲ್ಲಿ ಹಿಂದಿನವನು ಪಾಸ್‌ವರ್ಡ್ ಹಾಕಿ ಎದ್ದು ಹೋಗಿರುತ್ತಿದ್ದ, ಅದನ್ನು ತೆಗೆಯುವುದರಲ್ಲೇ ನನ್ನ ಹತ್ತು ನಿಮಿಷ ಮುಗಿಯುತ್ತಿತ್ತು. ಬಿಟ್ಟುಬಿಟ್ಟೆ, ಫೀಸ್ ವಾಪಸ್ ಬರಲಿಲ್ಲ.

ಸಬ್‌ನೆಟಿಂಗ್ (ಐಪಿ ವಿಳಾಸಗಳನ್ನು ಗುಂಪಾಗಿ ಒಡೆಯುವ ಲೆಕ್ಕ) ಎಲ್ಲಾ ಬಾಯಲ್ಲಿ ಬರುತ್ತದೆ, ಆದರೆ ಕಮಾಂಡ್ ಕೊಡುವ ಕಪ್ಪು ಸ್ಕ್ರೀನ್ ಮುಂದೆ ಕೂತರೆ ಕೈ ಓಡುವುದಿಲ್ಲ. ಎಸ್‌ಪಿ ರೋಡ್‌ನಲ್ಲಿ ಹಳೇ ರೂಟರ್ ತಗೋ ಅಂತ ಒಬ್ಬರು, ಜಿಎನ್‌ಎಸ್3 (ಕಂಪ್ಯೂಟರ್ ಒಳಗೇ ರೂಟರ್ ಓಡಿಸುವ ಸಾಫ್ಟ್‌ವೇರ್) ಹಾಕ್ಕೋ ಅಂತ ಇನ್ನೊಬ್ಬರು. ವಿಂಡೋಸ್, ಹಳೇ ಐ3. ಏನು ಮಾಡಲಿ?

ನೀಲಿ_ಕನ್ಸೋಲ್_ಕೇಬಲ್:
ಎಸ್‌ಪಿ ರೋಡ್ ಕಡೆ ಹೋಗಲೇಬೇಡಿ. ನಾನು ಹೋಗಿದ್ದೆ, ಎರಡು ಸಿಸ್ಕೋ 1841 ರೂಟರ್ ತಂದೆ. ಮನೆಯಲ್ಲಿ ಆನ್ ಮಾಡಿದರೆ ಫ್ಯಾನ್ ಸದ್ದಿಗೆ ಅಮ್ಮ ಮಿಕ್ಸಿ ಯಾರು ಹಾಕಿದ್ದು ಅಂತ ಕೇಳಿದರು. ಲ್ಯಾಪ್‌ಟಾಪ್‌ನಲ್ಲಿ ಸೀರಿಯಲ್ ಪೋರ್ಟ್ ಇಲ್ಲ, ಹಾಗಾಗಿ ಯುಎಸ್‌ಬಿ ಕನ್ವರ್ಟರ್‌ಗೆ ಮತ್ತೆ ದುಡ್ಡು. ಎರಡು ರೂಟರ್‌ನಲ್ಲಿ ಕಲಿಯುವುದು ಬೇಗ ಮುಗಿದುಹೋಗುತ್ತದೆ, ಮೂರನೆಯದು ಬೇಕು ಅನ್ನಿಸುತ್ತದೆ.

ಪ್ಯಾಕೆಟ್ ಟ್ರೇಸರ್ (ರೂಟರ್‌ಗಳನ್ನು ಅನುಕರಿಸುವ ಸಿಸ್ಕೋ ಸಾಫ್ಟ್‌ವೇರ್) ಹಾಕಿಕೊಳ್ಳಿ. ಸಿಸ್ಕೋ ನೆಟ್‌ವರ್ಕಿಂಗ್ ಅಕಾಡೆಮಿಯಲ್ಲಿ ಅಕೌಂಟ್ ಮಾಡಿದರೆ ಪುಕ್ಕಟೆ. 4 ಜಿಬಿಯಲ್ಲಿ ಓಡುತ್ತದೆ, ಕ್ರೋಮ್ ಮುಚ್ಚಿಡಿ ಅಷ್ಟೇ. ರೆಡಿಮೇಡ್ ಲ್ಯಾಬ್ ಫೈಲ್ ಹುಡುಕಬೇಡಿ, ಖಾಲಿ ಪರದೆಯಿಂದಲೇ ಶುರು ಮಾಡಿ. ಮೂರು ರೂಟರ್ ಸಾಲಾಗಿ ಇಟ್ಟು ಎರಡೂ ತುದಿಗೆ ಒಂದೊಂದು ಪಿಸಿ ಹಾಕಿ, ಸ್ಟ್ಯಾಟಿಕ್ ರೂಟ್ (ಕೈಯಾರೆ ಬರೆಯುವ ದಾರಿ) ಬರೆಯಿರಿ. ಮೊದಲ ಸಲ ಪಿಂಗ್ (ಆ ತುದಿ ಸಿಗುತ್ತದಾ ಅಂತ ನೋಡುವ ಕಮಾಂಡ್) ಖಂಡಿತಾ ಹೋಗುವುದಿಲ್ಲ. ಒಂದೋ ಯಾವುದೋ ಇಂಟರ್‌ಫೇಸ್‌ಗೆ (ಕೇಬಲ್ ಸೇರುವ ಪೋರ್ಟ್) ಅದನ್ನು ಆನ್ ಮಾಡುವ 'ನೋ ಶಟ್‌ಡೌನ್' ಕೊಟ್ಟಿರುವುದಿಲ್ಲ ('ಶೋ ಐಪಿ ಇಂಟರ್‌ಫೇಸ್ ಬ್ರೀಫ್' ನೋಡಿ, ಅಡ್ಮಿನಿಸ್ಟ್ರೇಟಿವ್ಲಿ ಡೌನ್ ಅಂತ ಇರುತ್ತದೆ), ಇಲ್ಲವೇ ಹೋಗುವ ದಾರಿ ಬರೆದು ವಾಪಸ್ ಬರುವ ದಾರಿ ಬರೆಯುವುದನ್ನು ಮರೆತಿರುತ್ತೀರಿ. ಎರಡನೆಯದಾದರೆ ಸಿಮ್ಯುಲೇಶನ್ ಮೋಡ್ ಆನ್ ಮಾಡಿ ನೋಡಿ, ಮಜಾ ಇದೆ. ಪ್ಯಾಕೆಟ್ ಅನ್ನು ತೋರಿಸುವ ಲಕೋಟೆ ಆ ತುದಿಯ ಪಿಸಿವರೆಗೂ ಹೋಗಿ, ಉತ್ತರ ಹೊತ್ತು ಹೊರಟು, ದಾರಿ ಗೊತ್ತಿಲ್ಲದ ರೂಟರ್ ಹತ್ತಿರ ಬಂದು ಸಾಯುತ್ತದೆ. ಇದನ್ನು ಒಮ್ಮೆ ಕಣ್ಣಾರೆ ನೋಡಿದರೆ ರೂಟಿಂಗ್ ಟೇಬಲ್ ಅಂದರೇನು ಅಂತ ಬೇರೆ ಯಾರೂ ಹೇಳಿಕೊಡಬೇಕಾಗಿಲ್ಲ.

ಆಮೇಲೆ ಸ್ಟ್ಯಾಟಿಕ್ ರೂಟ್ ಎಲ್ಲಾ ಕಿತ್ತುಹಾಕಿ ಅದೇ ಜಾಗದಲ್ಲಿ ಓಎಸ್‌ಪಿಎಫ್ (ರೂಟರ್‌ಗಳು ತಾವೇ ಮಾತಾಡಿಕೊಂಡು ದಾರಿ ಕಲಿಯುವ ವಿಧಾನ) ಹಾಕಿ. ಫೈಲ್ ಸೇವ್ ಮಾಡಿದರೆ ಸಾಲದು, ರೂಟರ್ ಒಳಗೂ ರನ್ನಿಂಗ್ ಕಾನ್ಫಿಗ್ (ಈಗ ಓಡುತ್ತಿರುವುದು) ಅನ್ನು ಸ್ಟಾರ್ಟ್ಅಪ್‌ಗೆ (ಆನ್ ಆದಾಗ ಓದುವುದು) ಕಾಪಿ ಮಾಡುವುದು ರೂಢಿಯಾಗಲಿ.

ರಾತ್ರಿ_ಪಾಳಿ:
ಮೇಲಿನವರು ಹೇಳಿದ್ದಕ್ಕೆ ಅರ್ಧ ಒಪ್ಪುತ್ತೇನೆ. ಪ್ಯಾಕೆಟ್ ಟ್ರೇಸರ್ ಒಂಥರಾ ಬೊಂಬೆ ರೂಟರ್. ಒಳಗೆ ನಿಜವಾದ ಐಓಎಸ್ (ಸಿಸ್ಕೋ ರೂಟರ್‌ನ ಆಪರೇಟಿಂಗ್ ಸಿಸ್ಟಂ) ಇಲ್ಲ. ಸಿಸಿಎನ್‌ಎ ಮಟ್ಟಕ್ಕೆ ಸಾಕು, ಅದನ್ನು ದಾಟಿದರೆ ಸರಿಯಾದ ಕಮಾಂಡ್ ಕೊಟ್ಟರೂ 'ಇನ್‌ವ್ಯಾಲಿಡ್ ಇನ್‌ಪುಟ್' ಅನ್ನುತ್ತದೆ. ತಪ್ಪು ನನ್ನದಾ ಸಾಫ್ಟ್‌ವೇರ್‌ದಾ ಗೊತ್ತಾಗದೆ ತಲೆ ಕೆಡುತ್ತದೆ.

ಜಿಎನ್‌ಎಸ್3 ಪುಕ್ಕಟೆ, ನಿಜ. ಆದರೆ ಅದು ಬರೀ ಪಾತ್ರೆ, ಅಕ್ಕಿ ನೀವೇ ತರಬೇಕು. ಐಓಎಸ್ ಇಮೇಜ್‌ಗೆ (ಅದರ ಫೈಲ್) ಲೈಸೆನ್ಸ್ ಬೇಕು, ಟೆಲಿಗ್ರಾಂನಲ್ಲಿ ಓಡಾಡುವ ಲಿಂಕ್‌ಗಳನ್ನು ನಾನಂತೂ ಮುಟ್ಟುವುದಿಲ್ಲ. ಅಂಥದ್ದೇ ಇನ್ನೊಂದು ಸಾಫ್ಟ್‌ವೇರ್ ಈವ್-ಎನ್‌ಜಿ ಕಮ್ಯುನಿಟಿ ಎಡಿಶನ್ ಕಥೆಯೂ ಅದೇ. ಸಿಸ್ಕೋದವರೇ ಈಗ ಮಾಡೆಲಿಂಗ್ ಲ್ಯಾಬ್ಸ್ ಅನ್ನುವ ಲ್ಯಾಬ್ ಸಾಫ್ಟ್‌ವೇರ್‌ನ ಫ್ರೀ ಆವೃತ್ತಿ ಕೊಡುತ್ತಾರೆ, ಇಮೇಜ್ ಸಮೇತ, 5 ನೋಡ್‌ವರೆಗೆ (ರೂಟರ್, ಸ್ವಿಚ್‌ನಂಥ ಸಾಧನ). ನಿಮ್ಮ 4 ಜಿಬಿಯಲ್ಲಿ ಅದರ ಆಸೆ ಬಿಡಿ.

ನಿಮಗೆ ಸರಿಹೋಗುವುದು ಎಫ್‌ಆರ್‌ಆರ್, ಕಂಪ್ಯೂಟರನ್ನೇ ರೂಟರ್ ಮಾಡುವ ಸಾಫ್ಟ್‌ವೇರ್. ಕ್ವಾಗಾ ಅನ್ನುವ ಹಳೇ ರೂಟಿಂಗ್ ಸಾಫ್ಟ್‌ವೇರ್‌ನಿಂದ ಕವಲೊಡೆದು 2017ರಲ್ಲಿ ಬಂದದ್ದು, ಓಪನ್ ಸೋರ್ಸ್, ಲಿನಕ್ಸ್ ಮೇಲೆ ಓಡುತ್ತದೆ. ಇದು ಆಟಿಕೆ ಅಲ್ಲ, ನಿಜವಾದ ನೆಟ್‌ವರ್ಕ್‌ಗಳಲ್ಲಿ ಬಳಸುತ್ತಾರೆ. ಅದರ ಕಮಾಂಡ್ ಪರದೆ 'ವಿಟಿವೈಶೆಲ್' ಒಳಗೆ ಹೋದರೆ ಕಮಾಂಡ್‌ಗಳು ಹೆಚ್ಚುಕಡಿಮೆ ಸಿಸ್ಕೋ ಥರಾನೇ. ಒಂದೇ ಎಚ್ಚರಿಕೆ: 'ಡೀಮನ್ಸ್' ಅನ್ನುವ ಫೈಲ್‌ನಲ್ಲಿ ಓಎಸ್‌ಪಿಎಫ್ ಎದುರು 'ನೋ' ಇರುತ್ತದೆ, ಅದನ್ನು 'ಯೆಸ್' ಮಾಡಿ ಸರ್ವಿಸ್ ರೀಸ್ಟಾರ್ಟ್ ಮಾಡಬೇಕು.

ಒಂದು ಭಾನುವಾರ ಸುಮ್ನೆ ಎರಡು ರೂಟರ್ ಜೋಡಿಸಿದ್ದೆ. ಪಿಂಗ್ ಹೋಗುತ್ತದೆ, ಓಎಸ್‌ಪಿಎಫ್ ಫುಲ್ (ಎರಡೂ ರೂಟರ್ ಪೂರ್ತಿ ಹೊಂದಿಕೊಂಡ ಸ್ಥಿತಿ) ಆಗುವುದಿಲ್ಲ, ನಡುವಿನ ಎಕ್ಸ್‌ಸ್ಟಾರ್ಟ್ ಹಂತದಲ್ಲೇ ನಿಂತಿದೆ. ಎರಡೂ ಕಡೆ ಒಂದೇ ಇರಬೇಕಾದ ಏರಿಯಾ ಸರಿ, ಹಲೋ 10 ಸೆಕೆಂಡ್, ಡೆಡ್ 40 ಸೆಕೆಂಡ್, ಅದೂ ಸರಿ. ಎರಡು ಗಂಟೆ ಆದಮೇಲೆ ನೋಡಿದರೆ ಒಂದು ಕಡೆ ಎಂಟಿಯು (ಒಂದೇ ಸಲ ಹೋಗಬಹುದಾದ ಅತಿ ದೊಡ್ಡ ಪ್ಯಾಕೆಟ್‌ನ ಅಳತೆ) 1500, ಇನ್ನೊಂದು ಕಡೆ 1400. ಹಿಂದಿನ ವಾರ ಬೇರೇನೋ ಪ್ರಯೋಗ ಮಾಡಿ ಹಾಗೇ ಬಿಟ್ಟಿದ್ದೆ. ಪಿಂಗ್ ಪ್ಯಾಕೆಟ್ ಚಿಕ್ಕದು, ಹಾಗಾಗಿ ನುಸುಳುತ್ತಿತ್ತು.

ಬೆಣ್ಣೆದೋಸೆ_ದಾವಣಗೆರೆ:
ಹಾಗಾದರೆ ವಿಂಡೋಸ್ ತೆಗೆದುಬಿಡಬೇಕಾ? ಲ್ಯಾಪ್‌ಟಾಪ್ ತಂಗಿಗೂ ಬೇಕು.

ರಾತ್ರಿ_ಪಾಳಿ:
ಬೇಡ ಬೇಡ. ವರ್ಚುವಲ್‌ಬಾಕ್ಸ್‌ನಲ್ಲಿ (ವಿಂಡೋಸ್ ಒಳಗೇ ಇನ್ನೊಂದು ಕಂಪ್ಯೂಟರ್ ಓಡಿಸುವ ಸಾಫ್ಟ್‌ವೇರ್) ಡೆಬಿಯನ್ ಲಿನಕ್ಸ್ ಹಾಕಿ, ಡೆಸ್ಕ್‌ಟಾಪ್ ಇಲ್ಲದೆ. 1 ಜಿಬಿ ಕೊಟ್ಟರೆ ಸಾಕು. ಅದರೊಳಗೆ ಕಂಟೇನರ್ (ಬೇರೆ ಬೇರೆ ಪುಟ್ಟ ಲಿನಕ್ಸ್ ಕೋಣೆಗಳ ಥರ) ಮಾಡಿಕೊಂಡರೆ ನಾಲ್ಕೈದು ಎಫ್‌ಆರ್‌ಆರ್ ರೂಟರ್ ಆರಾಮಾಗಿ ಎದ್ದು ಕೂರುತ್ತವೆ. ತಂಗಿಗೆ ಗೊತ್ತೇ ಆಗುವುದಿಲ್ಲ.

ಘಟ್ಟದ_ಮೇಲಿನವ:
ನಾನು ತಾಲ್ಲೂಕು ಮಟ್ಟದ ಇಂಟರ್ನೆಟ್ ಕೆಲಸದವನು. ಎಲ್ಲರೂ ಸಿಸ್ಕೋ ಸಿಸ್ಕೋ ಅನ್ನುತ್ತೀರಿ, ನಮ್ಮ ಕಡೆ ಚಿಕ್ಕ ಆಪರೇಟರ್‌ಗಳ ಹತ್ತಿರ ಕೆಲಸಕ್ಕೆ ಹೋದರೆ ಎದುರಿಗೆ ಸಿಗುವುದು ಜಾಸ್ತಿ ಮೈಕ್ರೋಟಿಕ್ ಕಂಪನಿಯ ರೂಟರ್. ಅದರ ಸಿಎಚ್‌ಆರ್ (ವರ್ಚುವಲ್ ಯಂತ್ರದಲ್ಲಿ ಓಡುವ ರೂಟರ್) ಇಮೇಜ್ ಪುಕ್ಕಟೆ ಇಳಿಸಿಕೊಳ್ಳಬಹುದು. ಒಂದೊಂದು ಇಂಟರ್‌ಫೇಸ್‌ಗೆ 1 ಎಂಬಿಪಿಎಸ್ ಮಿತಿ ಇದೆ, ಕಲಿಯುವವರಿಗೆ ಅದರಿಂದ ಏನೂ ತೊಂದರೆ ಇಲ್ಲ. 256 ಎಂಬಿ ರ‍್ಯಾಮ್ ಕೊಟ್ಟರೂ ಓಡುತ್ತದೆ.

ನಾನು ಕಲಿತದ್ದು ಲ್ಯಾಬ್‌ನಲ್ಲಿ ಅಲ್ಲ, ಗಿರಾಕಿಗಳ ಮೇಲೆ. ಒಮ್ಮೆ ರಾತ್ರಿ ಹನ್ನೊಂದಕ್ಕೆ ಮನೆಯಿಂದಲೇ ಟವರ್ ರೂಟರ್‌ಗೆ ಲಾಗಿನ್ ಆಗಿ ಫೈರ್‌ವಾಲ್ ಇನ್‌ಪುಟ್‌ನಲ್ಲಿ ಡ್ರಾಪ್ ರೂಲ್ (ರೂಟರ್‌ಗೆ ಬರುವುದನ್ನು ತಡೆಯುವ ನಿಯಮ) ಬರೆದೆ. ನನ್ನ ಐಪಿಗೆ ಬಿಡು ಅನ್ನುವ ರೂಲ್ ಅದರ ಕೆಳಗೆ ಇತ್ತು, ರೂಟರ್ ಓದುವುದು ಮೇಲಿನಿಂದ. ಎಂಟರ್ ಒತ್ತಿದೆ, ಸ್ಕ್ರೀನ್ ನಿಂತಿತು. ಮಳೆಗಾಲ, ಬೈಕ್, ಹದಿನೆಂಟು ಕಿಲೋಮೀಟರ್. ಕಂಟ್ರೋಲ್ ಎಕ್ಸ್ ಒತ್ತಿ ಸೇಫ್ ಮೋಡ್‌ಗೆ ಹೋಗಿದ್ದರೆ, ಕನೆಕ್ಷನ್ ಕಡಿದ ಮೇಲೆ ರೂಟರ್ ತಾನೇ ಹಳೇದಕ್ಕೆ ಮರಳುತ್ತಿತ್ತು. ಸಿಸ್ಕೋದಲ್ಲಾದರೆ ಕೈ ಹಾಕುವ ಮೊದಲು ಸೇವ್ ಮಾಡಿ 'ರಿಲೋಡ್ ಇನ್ 10' ಕೊಡುತ್ತಾರೆ. ಎಡವಟ್ಟಾದರೆ ಹತ್ತು ನಿಮಿಷಕ್ಕೆ ತಾನೇ ರೀಬೂಟ್ ಆಗಿ ಸರಿಹೋಗುತ್ತದೆ, ಸರಿಯಾದರೆ ಕ್ಯಾನ್ಸಲ್. ಇದನ್ನು ಲ್ಯಾಬ್‌ನಲ್ಲೇ ಮಾಡಿ ನೋಡಿ, ಬೇಕಂತಲೇ ಹೊರಗೆ ಬೀಳಿ.

ಬೆಣ್ಣೆದೋಸೆ_ದಾವಣಗೆರೆ:
ಎಲ್ಲರಿಗೂ ಥ್ಯಾಂಕ್ಸ್. ಪ್ಯಾಕೆಟ್ ಟ್ರೇಸರ್ ಹಾಕಿದೆ, ಮೂರು ರೂಟರ್ ಆಯಿತು. ವಾಪಸ್ ದಾರಿ ಮರೆತಿದ್ದೆ, ಹೇಳಿದ ಹಾಗೇ! ಈಗ ಹೋಗುತ್ತಿದೆ. ಆದರೆ ರೂಟರ್‌ನಿಂದ ಪಿಂಗ್ ಕೊಟ್ಟರೆ ಮೊದಲು ಒಂದು ಚುಕ್ಕಿ (ಉತ್ತರ ಇಲ್ಲ) ಬಂದು ಆಮೇಲೆ ನಾಲ್ಕು ಆಶ್ಚರ್ಯಸೂಚಕ (ಉತ್ತರ ಬಂತು) ಬರುತ್ತಿವೆ. ಮತ್ತೆ ಕೊಟ್ಟರೆ ಐದೂ ಸರಿ. ಎಲ್ಲಿ ತಪ್ಪಿದ್ದೇನೆ?

ನೀಲಿ_ಕನ್ಸೋಲ್_ಕೇಬಲ್:
ಎಲ್ಲೂ ಇಲ್ಲ. ಅದು ಎಆರ್‌ಪಿ. ಪಕ್ಕದ ಸಾಧನದ ಮ್ಯಾಕ್ (ಹಾರ್ಡ್‌ವೇರ್) ವಿಳಾಸ ಕೇಳಿ ತಿಳಿಯುವಷ್ಟರಲ್ಲಿ ಮೊದಲ ಪ್ಯಾಕೆಟ್ ಬಿದ್ದುಹೋಗುತ್ತದೆ. 'ಶೋ ಎಆರ್‌ಪಿ' ಕೊಟ್ಟು ನೋಡಿ, ಈಗ ಆ ವಿಳಾಸ ಬಂದು ಕೂತಿರುತ್ತದೆ.