ಓಪನ್ ಹೆಡ್‌ಫೋನ್ ಒಂದು ವಾರ ಕೇಳಿದೆ, ಈಗ ನನ್ನ ಕ್ಲೋಸ್ಡ್ ಹಾಕಿಕೊಂಡರೆ ಡಬ್ಬಿಯೊಳಗೆ ಕೂತ ಹಾಗಿದೆ

ರಾತ್ರಿರಾಗ:
ಎಲ್ಲರಿಗೂ ನಮಸ್ಕಾರ. ಪ್ರಶ್ನೆ ಸ್ವಲ್ಪ ಉದ್ದ, ಸಹಿಸಿಕೊಳ್ಳಿ.

ಆರು ವರ್ಷದಿಂದ ಒಂದೇ ಕ್ಲೋಸ್ಡ್ ಬ್ಯಾಕ್ ಹೆಡ್‌ಫೋನ್ ಬಳಸ್ತಾ ಇದ್ದೇನೆ, ಅಂದರೆ ಕಿವಿಯ ಕಪ್‌ಗಳ ಹಿಂಬದಿ ಮುಚ್ಚಿರೋದು, 80 ಓಮ್‌ನದು (ಓಮ್ ಅಂದರೆ ವಿದ್ಯುತ್ತಿಗೆ ಒಡ್ಡುವ ತಡೆಯ ಅಳತೆ). ನನಗೆ ಸಂಗೀತಕ್ಕೆ ಸಿಗೋದು ರಾತ್ರಿ ಹತ್ತೂವರೆ ಮೇಲೆ, ಮಗಳು ಮಲಗಿದ ನಂತರ, ಅದೇ ಕೋಣೆಯ ಮೂಲೆಯಲ್ಲಿ. ಇಷ್ಟು ದಿನ ಏನೂ ಕೊರತೆ ಅನ್ನಿಸಿರಲಿಲ್ಲ. ಹೋದ ವಾರ ಗೆಳೆಯನೊಬ್ಬ ಪ್ರವಾಸ ಹೊರಟಾಗ ತನ್ನ ಸೆನ್‌ಹೈಸರ್ ಎಚ್‌ಡಿ 600 (ಓಪನ್ ಜಾತಿಯದು, ಕಪ್‌ನ ಹಿಂಬದಿಗೆ ಬರೀ ಜಾಲರಿ) ಕೈಗಿಟ್ಟು, ‘ಕೇಳಿ ನೋಡು, ಆಮೇಲೆ ನನ್ನ ಬೈಬೇಡ’ ಅಂದು ಹೋದ. ಈಗ ಬೈತಾ ಇದ್ದೇನೆ.

ಮೊದಲು ಹಾಕಿದ್ದು ನನಗೆ ಬಾಯಿಪಾಠ ಆಗಿರೋ ಒಂದು ಕಚೇರಿಯ ರೆಕಾರ್ಡಿಂಗ್. ತಂಬೂರಿ ಶುರುವಾಗುತ್ತಿದ್ದ ಹಾಗೆ ಹೆಡ್‌ಫೋನ್ ತೆಗೆದು ಲ್ಯಾಪ್‌ಟಾಪ್‌ಗೆ ಕಿವಿಗೊಟ್ಟೆ, ಅದರ ಸ್ಪೀಕರ್‌ನಿಂದ ಬರ್ತಾ ಇದೆಯೇನೋ ಅಂತ. ಇಲ್ಲ. ಅಷ್ಟು ಆಚೆ ಕೇಳಿಸಿತ್ತು. ನನ್ನದರಲ್ಲಿ ಅದೇ ತಂಬೂರಿ ಎರಡು ಕಿವಿ ನಡುವೆ, ತಲೆಬುರುಡೆ ಒಳಗೆ ಮಿಡಿಯುತ್ತೆ.

ಆದರೆ ಮೃದಂಗದ ಎಡಗಡೆಯ ತೊಪ್ಪಿ ಸ್ವಲ್ಪ ಬಡವಾಯ್ತು ಅನ್ನಿಸಿತು. ಫ್ಯಾನ್ ಸದ್ದು ಪೂರ್ತಿ ಒಳಗೆ ಬರುತ್ತೆ. ಎರಡನೇ ರಾತ್ರಿ ಮಂಚದಿಂದ ಹೆಂಡತಿ ಕೇಳಿದಳು, ‘ಅದೇ ಆಲಾಪನೆ ಎಷ್ಟನೇ ಸಲ?’ ನಡುವೆ ಎರಡು ಮಾರು ದೂರ ಇದೆ.

ನಾನು ಮರುಳಾಗಿರೋದು ಓಪನ್ ಅನ್ನೋದಕ್ಕಾ, ಅಥವಾ ಇದು ನನ್ನದಕ್ಕಿಂತ ಒಳ್ಳೇ ಹೆಡ್‌ಫೋನ್ ಅನ್ನೋದಕ್ಕಾ? ಕ್ಲೋಸ್ಡ್‌ನಲ್ಲೇ ಈ ಬಯಲು ಸಿಗೋ ದಾರಿ ಇದೆಯಾ?

ಹಳೇ ಸೋಲ್ಡರ್:
ರಾತ್ರಿರಾಗ ಅವರೇ, ನೀವು ಹೋಲಿಸ್ತಾ ಇರೋದು ಎರಡು ಹೆಡ್‌ಫೋನುಗಳನ್ನ, ಎರಡು ಜಾತಿಗಳನ್ನಲ್ಲ. ಅದರ ಟ್ಯೂನಿಂಗ್ ಬೇರೆ, ಡ್ರೈವರ್ (ಒಳಗಿನ ಪುಟ್ಟ ಸ್ಪೀಕರ್) ಬೇರೆ, ಕಿವಿಗೆ ಒತ್ತುವ ಪ್ಯಾಡ್ ಬೇರೆ. ಜಾತಿಯ ಪಾಲು ಎಷ್ಟು ಅಂತ ತಿಳೀಬೇಕಾದರೆ ಇವತ್ತು ರಾತ್ರಿ ಎರಡು ಕೆಲಸ ಮಾಡಿ.

ಓಪನ್ ಹೆಡ್‌ಫೋನ್ ಹಾಕಿಕೊಂಡು ತಂಬೂರಿ ನುಡಿಯುವಾಗ ಎರಡೂ ಅಂಗೈಯನ್ನು ನಿಧಾನವಾಗಿ ಜಾಲರಿಯ ಹತ್ತಿರ ತನ್ನಿ. ಮುಟ್ಟಬೇಕಾಗಿಯೂ ಇಲ್ಲ, ನಾದ ಮಡಕೆಯೊಳಗೆ ಇಳಿದ ಹಾಗೆ ಆಗುತ್ತೆ. ಡ್ರೈವರ್‌ನ ತೆಳು ಪೊರೆ ಮುಂದಕ್ಕೆ ಎಷ್ಟು ಗಾಳಿ ತಳ್ಳುತ್ತೋ ಹಿಂದಕ್ಕೂ ಅಷ್ಟೇ ಎಳೆಯುತ್ತೆ. ಓಪನ್‌ನಲ್ಲಿ ಹಿಂದಿನ ಅಲೆ ಜಾಲರಿ ದಾಟಿ ಕೋಣೆಗೆ ಹೋಗುತ್ತೆ (ಅಲ್ಲಿಂದ ನಿಮ್ಮ ಮನೆಯವರ ಕಿವಿಗೆ). ಕ್ಲೋಸ್ಡ್‌ನಲ್ಲಿ ಅದು ಕಪ್‌ನ ಒಳಗೋಡೆಗೆ ಬಡಿದು ಒಂದಷ್ಟು ವಾಪಸ್ ಬಂದು, ಪೊರೆಯನ್ನೇ ಹಾಯ್ದು ಕಿವಿ ಸೇರುತ್ತೆ. ಒಳಗೆ ತುಂಬಿರೋ ಫೋಮು, ಹತ್ತಿ ಎತ್ತರದ ಶ್ರುತಿಯ ಸದ್ದನ್ನು ಚೆನ್ನಾಗಿ ಕುಡಿಯುತ್ತೆ. 10,000 ಹರ್ಟ್ಸ್‌ನ ಅಲೆಯ ಉದ್ದ ಬರೀ 3.4 ಸೆಂಟಿಮೀಟರ್. 100 ಹರ್ಟ್ಸ್‌ನದು 3.4 ಮೀಟರ್, ಅದರ ಮುಂದೆ ಬೆರಳುದಪ್ಪದ ಫೋಮಿನ ಆಟ ನಡೆಯಲ್ಲ. ಕ್ಲೋಸ್ಡ್ ಮಾಡುವವರ ಜಾಣತನವೆಲ್ಲ ಖರ್ಚಾಗೋದು ಇಲ್ಲೇ.

ಎರಡನೇ ಕೆಲಸ: ನೀವು ಕನ್ನಡಕ ಹಾಕ್ತೀರಾ? ಹಾಕೋದಾದರೆ ತೆಗೆದು ನಿಮ್ಮ ಕ್ಲೋಸ್ಡ್ ಕೇಳಿ. ಕಡ್ಡಿಯ ಸಂದಿಯಲ್ಲಿ ಗಾಳಿ ಸೋರಿದರೆ ಕ್ಲೋಸ್ಡ್‌ನ ಬೇಸ್ (ತಗ್ಗು ಶ್ರುತಿಯ ಸದ್ದು) ಬಹಳ ಬೇಗ ಸೊರಗುತ್ತೆ. ಓಪನ್‌ನಲ್ಲಿ ತೀರಾ ಕೆಳಗಿನ ಬೇಸ್ ಹುಟ್ಟಿನಿಂದಲೇ ಕಡಿಮೆ, ನಿಮ್ಮ ತೊಪ್ಪಿ ಬಡವಾಗಿದ್ದು ಅದಕ್ಕೇ ಇರಬೇಕು.

ವಾಲ್ಯೂಮ್ ಸಮ ಮಾಡಿಕೊಂಡೇ ಹೋಲಿಸಿ. ಎಚ್‌ಡಿ 600 ಅಂದರೆ 300 ಓಮ್, ಗುಂಡಿ ಒಂದೇ ಜಾಗದಲ್ಲಿದ್ದರೆ ಅದು ಮೆಲ್ಲಗೆ ನುಡಿಯುತ್ತೆ, ನೀವು ಏರಿಸಿರ್ತೀರಿ, ಎಷ್ಟು ಏರಿಸಿದಿರಿ ಅನ್ನೋದು ನಿಮಗೇ ಗೊತ್ತಿರಲ್ಲ. ಜಾಸ್ತಿ ಸದ್ದಿನದು ಯಾವಾಗಲೂ ಚೆನ್ನಾಗಿದೆ ಅನ್ನಿಸುತ್ತೆ.

ಇನ್ನು ‘ಆಚೆ ಕೇಳಿಸಿತು’ ಅನ್ನೋ ಮಾತು. ಸ್ಪೀಕರ್ ಆದರೆ ಎಡಗಡೆಯ ಸದ್ದು ಬಲಗಿವಿಗೂ ಚೂರು ತಡವಾಗಿ ತಲುಪುತ್ತೆ. ಹೆಡ್‌ಫೋನ್ ಓಪನ್ ಆಗಲಿ ಕ್ಲೋಸ್ಡ್ ಆಗಲಿ, ಅದು ನಡೆಯಲ್ಲ. ಹಾಗಾಗಿ ಓಪನ್ ವೇದಿಕೆ ಕಟ್ಟಿಕೊಡುತ್ತೆ ಅನ್ನೋದು ನನ್ನ ಲೆಕ್ಕದಲ್ಲಿ ಅರ್ಧ ಸತ್ಯ. ಕಿವಿ ಮುಚ್ಚಿದೆ ಅನ್ನೋ ಭಾವ ಹೋಗುತ್ತೆ, ಕೋಣೆಯ ಸದ್ದೂ ಸಂಗೀತದ ಜೊತೆ ಸೇರುತ್ತೆ, ಆಗ ಮನಸ್ಸು ಅದನ್ನ ಹೊರಗಿನದೇ ಅಂದುಕೊಳ್ಳುತ್ತೆ. ಅಂದರೆ ನಿಮ್ಮ ಫ್ಯಾನೂ ಕಚೇರಿಯಲ್ಲಿ ಪಕ್ಕವಾದ್ಯ.

ಮೈಕ್ ಮುಂದೆ:
ಸೋಲ್ಡರ್ ಸರ್ ಎಲ್ಲ ಹೇಳಿದ್ದಾರೆ. ನಾನು ಮನೆಯಲ್ಲಿ ಹಾಡಿ ರೆಕಾರ್ಡ್ ಮಾಡುವವಳು, ಎರಡೂ ಇವೆ. ಒಮ್ಮೆ ಸೋಮಾರಿತನಕ್ಕೆ ಓಪನ್ ಹಾಕಿಕೊಂಡೇ ಹಾಡಿದೆ. ಸಾಹಿತ್ಯದ ನಡುವೆ ಎಲ್ಲೆಲ್ಲಿ ಉಸಿರು ಬಿಟ್ಟಿದ್ದೆನೋ ಅಲ್ಲೆಲ್ಲ ಹೆಡ್‌ಫೋನ್‌ನಿಂದ ಸೋರಿ ಮೈಕ್ ಸೇರಿದ ಮೆಟ್ರೊನೋಮ್ (ಲಯ ಹಿಡಿಯುವ ಸದ್ದು) ಟಿಕ್ ಟಿಕ್. ಮೂರು ಗಂಟೆಯ ಕೆಲಸ ನೀರಿಗೆ. ಅವತ್ತಿನಿಂದ ಮೈಕ್ ಮುಂದೆ ಕ್ಲೋಸ್ಡ್, ಮಿಕ್ಸ್ ಮಾಡೋಕೆ ಓಪನ್.

ಮಗು ಮಲಗಿರೋ ಕೋಣೆ ಅಂತೀರಿ. ಅದಕ್ಕೆ ಇನ್ನೇನು ಉತ್ತರ ಬೇಕು ನಿಮಗೆ?

ಅರೆಗಿವಿ:
ಒಂದೇ ಮಾತು ಸೇರಿಸ್ತೀನಿ, ನನ್ನ ಹೆಸರು ನೋಡಿದರೆ ಯಾಕೆ ಅಂತ ಗೊತ್ತಾಗುತ್ತೆ. ಓಪನ್ ಹಾಕಿಕೊಂಡು ಫ್ಯಾನ್ ಸದ್ದನ್ನ ಗೆಲ್ಲೋಕೆ ವಾಲ್ಯೂಮ್ ಏರಿಸಬೇಡಿ. ಕೆಲಸದ ಜಾಗದ ಲೆಕ್ಕದಲ್ಲಿ 85 ಡೆಸಿಬೆಲ್‌ಗೆ ದಿನಕ್ಕೆ 8 ಗಂಟೆ ಮಿತಿ, ಅಲ್ಲಿಂದ ಪ್ರತಿ 3 ಡೆಸಿಬೆಲ್‌ಗೆ ಹೊತ್ತು ಅರ್ಧ. 94 ತಲುಪಿದರೆ ಒಂದೇ ಗಂಟೆ. 3 ಡೆಸಿಬೆಲ್ ಏರಿದ್ದು ಕಿವಿಗೆ ಹೆಚ್ಚೇನೂ ಗೊತ್ತಾಗಲ್ಲ, ಅದೇ ಮೋಸ.

ರಾತ್ರಿರಾಗ:
ಎರಡೂ ಮಾಡಿದೆ.

ಮೊದಲು ಅಂಗೈ. ಸರ್, ನಗು ಬಂತು. ಕೈ ಹತ್ತಿರ ತಂದರೆ ನನ್ನ ಹಳೇ ಹೆಡ್‌ಫೋನೇ ಬಂದು ಕೂತಂತೆ ಆಗುತ್ತೆ, ತೆಗೆದರೆ ಕಿಟಕಿ ತೆರೆದಂತೆ. ಹತ್ತು ಸಲ ಮಾಡಿದೆ. ಕತ್ತಲಲ್ಲಿ ಕಿವಿ ಹತ್ತಿರ ಕೈ ಆಡಿಸುತ್ತಾ ಕೂತವನನ್ನ ಹೆಂಡತಿ ನೋಡಿದಳು. ಈ ಸಲ ಏನೂ ಕೇಳಲಿಲ್ಲ.

ಆಮೇಲೆ ಕನ್ನಡಕ. ನನ್ನದು ದಪ್ಪ ಕಡ್ಡಿಯದು. ತೆಗೆದು ಕ್ಲೋಸ್ಡ್ ಹಾಕಿಕೊಂಡೆ, ಮೃದಂಗ ಬೇರೆಯದೇ! ತೊಪ್ಪಿಯ ಗುಮುಕಿ ಎದೆಗೆ ಬಂತು. ಆರು ವರ್ಷ ನಾನು ಕೇಳಿದ್ದು ಸೋರುವ ಹೆಡ್‌ಫೋನ್ ಅಂತ ಆಯ್ತು. ಪ್ಯಾಡ್ ಒತ್ತಿ ನೋಡಿದರೆ ಎಡಗಡೆಯದು ಹಪ್ಪಳದ ಹಾಗೆ ಚಪ್ಪಟೆ, ಬೆರಳು ನೇರ ಪ್ಲಾಸ್ಟಿಕ್‌ಗೆ ತಗಲುತ್ತೆ.

ಗಾಯಕರ ಧ್ವನಿ ಒಂದೇ ಮಟ್ಟಕ್ಕೆ ಬರುವಷ್ಟು ವಾಲ್ಯೂಮ್ ಹೊಂದಿಸಿ ಮತ್ತೆ ಕೇಳಿದೆ. ವ್ಯತ್ಯಾಸ ಅರ್ಧಕ್ಕರ್ಧ ಇಳಿಯಿತು. ಉಳಿದ ಅರ್ಧ ಮಾತ್ರ ಹೋಗಲಿಲ್ಲ, ಅದು ಪೂರ್ತಿ ತಂಬೂರಿಯಲ್ಲಿದೆ. ತಂತಿ ಮೀಟಿದ ಮೇಲೆ ನಾದ ಬಿಡಿಸಿಕೊಂಡು ಮೇಲೇಳುತ್ತಲ್ಲ, ಆ ಜಾಗ ಕ್ಲೋಸ್ಡ್‌ನಲ್ಲಿ ಇಕ್ಕಟ್ಟು.

ಸದ್ಯಕ್ಕೆ ಓಪನ್ ಕೊಳ್ಳಲ್ಲ. ಮಗಳಿಗೆ ಬೇರೆ ಕೋಣೆ ಆಗುವವರೆಗೆ ಅದು ಆಗದ ಮಾತು. ಭಾನುವಾರ ಗೆಳೆಯನಿಗೆ ವಾಪಸ್ ಕೊಡ್ತೇನೆ. ಹೊಸ ಪ್ಯಾಡ್ ತರಿಸೋಣ ಅಂತಿದ್ದೇನೆ, ಚರ್ಮದಂಥದ್ದೋ, ವೆಲ್ವೆಟ್‌ನಂಥದ್ದೋ?

ಹಳೇ ಸೋಲ್ಡರ್:
ನಿಮ್ಮ ಹೆಡ್‌ಫೋನ್ ಜೊತೆ ಯಾವ ಥರದ್ದು ಬಂದಿತ್ತೋ ಅದೇ ತರಿಸಿ. ವೆಲ್ವೆಟ್ ಸೆಕೆಯಾಗಲ್ಲ ನಿಜ, ಆದರೆ ಬಟ್ಟೆ ಗಾಳಿಯಾಡುತ್ತೆ. ಚರ್ಮದ ಪ್ಯಾಡಿಗೆ ಅಂತ ಟ್ಯೂನ್ ಮಾಡಿದ್ದಕ್ಕೆ ಅದನ್ನ ಹಾಕಿದರೆ ಈಗಷ್ಟೇ ಸಿಕ್ಕ ತೊಪ್ಪಿ ಮತ್ತೆ ಸೋರುತ್ತೆ. ಪ್ಯಾಡಿನ ದಪ್ಪವೂ ಅಷ್ಟೇ ಇರಲಿ, ಡ್ರೈವರ್ ಕಿವಿಯಿಂದ ದೂರವಾದರೆ ಸದ್ದಿನ ಬಣ್ಣವೇ ಬೇರೆಯಾಗುತ್ತೆ. ಮತ್ತೆ ಕೇಳುವ ಹೊತ್ತಿಗೆ ಅಂತ ತೆಳು ತಂತಿ ಕಡ್ಡಿಯ ಕನ್ನಡಕ ಒಂದು ಇಟ್ಟುಕೊಳ್ಳಿ. ಇಲ್ಲವೇ ಕಣ್ಣು ಮುಚ್ಚಿ ಕೇಳಿ, ತಂಬೂರಿಯಲ್ಲಿ ನೋಡೋದೇನಿದೆ.

ಭಾನುವಾರದ ಒಳಗೆ ಇನ್ನೊಂದು ಕೇಳಿ ಬರೀರಿ: ತಂಬೂರಿ ಇಲ್ಲದ, ಬರೀ ಕೊಳಲಿನ ರೆಕಾರ್ಡಿಂಗ್. ಅಲ್ಲೂ ಇಕ್ಕಟ್ಟು ಅನ್ನಿಸುತ್ತಾ?