ಪದ ಬೇಕು: ಒಳಲಕೋಟೆ ಒಡೆಯದೆ ಬದಿಗಿಟ್ಟ ಅಂಚೆ ಮತಕ್ಕೆ ಏನನ್ನೋಣ?

ಸ್ನೇಹಿತರೇ,
ಎಣಿಕೆ ಏಜೆಂಟರ ಕೈಪಿಡಿಯನ್ನು ಕನ್ನಡಕ್ಕೆ ತರುತ್ತಿದ್ದೇನೆ. ನಾಳೆ ಬೆಳಗ್ಗೆ ಪ್ರೆಸ್ಸಿಗೆ ಹೋಗಬೇಕು.

ಅಂಚೆ ಮತ ಎರಡು ಕಡೆ ಬಿದ್ದುಹೋಗಬಹುದು. ಹೊರಲಕೋಟೆ (ನಮೂನೆ 13ಸಿ) ಒಡೆದಾಗ ಮತದಾರರು ಸಹಿ ಮಾಡಿ ಕಳಿಸಬೇಕಾದ ಘೋಷಣೆಯೇ (ನಮೂನೆ 13ಎ) ಇರಲ್ಲ. ಇದ್ದರೂ ಸಹಿ ಇಲ್ಲ, ಅಧಿಕಾರಿಯ ದೃಢೀಕರಣ ಇಲ್ಲ. ಇಲ್ಲವೇ ಅದರಲ್ಲಿ ಬರೆದ ಮತಪತ್ರದ ಕ್ರಮಸಂಖ್ಯೆ ಒಳಲಕೋಟೆ 13ಬಿ ಮೇಲಿನದಕ್ಕೆ ತಾಳೆಯಾಗಲ್ಲ. ಆಗ ಒಳಲಕೋಟೆ ಒಡೆಯುವುದೇ ಇಲ್ಲ. ಮತ ಯಾರಿಗಿತ್ತು ಅಂತ ಯಾರಿಗೂ ಗೊತ್ತಾಗಲ್ಲ. ಎರಡನೆಯದು ಒಡೆದ ಮೇಲೆ: ಇಬ್ಬರಿಗೆ ಗುರುತು, ಯಾರಿಗೂ ಇಲ್ಲ, ಅಥವಾ ಮತಪತ್ರದ ಮೇಲೆ ಸ್ವಂತ ಸಹಿ. ನನ್ನ ಕರಡಿನಲ್ಲಿ ಎರಡಕ್ಕೂ ‘ತಿರಸ್ಕೃತ’ ಅಂತಿದೆ. ಬೇರೆ ಬೇರೆ ಪದ ಬೇಕು.
– ವಿ.

ಮರು:
ಅಸಿಂಧು. ಪೇಪರಿನಲ್ಲಿ ಬರುತ್ತಲ್ಲ. ಇದಕ್ಕೂ ಚರ್ಚೆ ಬೇಕಾ?
– ಎನ್.

ಮರು: ಮರು:
ಬೇಕು ಸರ್. ಅಸಿಂಧು ಅನ್ನೋದು ಮತಪತ್ರ ನೋಡಿ ಹೇಳುವ ಮಾತು. ಕಣ್ಣಿಗೇ ಬೀಳದ್ದು ಅಸಿಂಧು ಹೇಗಾಗುತ್ತೆ? ಎರಡನೆಯದಕ್ಕೆ ನಮ್ಮಲ್ಲಿ ‘ಕುಲಗೆಟ್ಟ ಮತ’ ಅನ್ನೋ ಗಟ್ಟಿ ಪದ ಇದೆ. ಪಂಚಾಯ್ತಿ ಎಣಿಕೆಯಲ್ಲಿ ಈಗಲೂ ಕೇಳಬಹುದು.
– ಜಿ.

ಮರು: ಮರು:
ಕುಲಗೆಟ್ಟದ್ದು ದಯವಿಟ್ಟು ಬೇಡ. ಇಬ್ಬರಿಗೆ ಗುರುತು ಹಾಕಿದ ಮಾತ್ರಕ್ಕೆ ಕುಲ ಯಾಕೆ ಕೆಡಬೇಕು? ಆ ಪದ ಎಲ್ಲಿಂದ ಬಂತು ಅಂತ ಎಲ್ಲರಿಗೂ ಗೊತ್ತು.

ವಿ. ಅವರೇ, ನಾನು ಅಂಚೆ ಮತದ ಟೇಬಲ್ಲಿನಲ್ಲಿ ಕೂತವಳು. ಬೆಳಗ್ಗೆ ಎಂಟಕ್ಕೆ ಎಲ್ಲಕ್ಕಿಂತ ಮೊದಲು ಶುರುವಾಗೋದು ನಮ್ಮದೇ. ಘೋಷಣೆ ಕೆಟ್ಟಿದ್ದರೆ 13ಬಿ ಮೇಲೆ ಷರಾ ಬರೆದು, ಘೋಷಣೆ ಸಮೇತ 13ಸಿ ಒಳಗೆ ವಾಪಸ್ ತುರುಕಿ, ಬೇರೆ ಕಟ್ಟು ಕಟ್ಟಿ ಸೀಲ್ ಹಾಕುತ್ತೇವೆ. ಎಣಿಕೆ ಶುರುವಾದ ಮೇಲೆ ಬಂದದ್ದರ ಹೊರಲಕೋಟೆಯನ್ನೇ ಒಡೆಯಲ್ಲ. ನಿಮಗೆ ಮೂರು ಪದ ಬೇಕು, ಎರಡಲ್ಲ.

ಸುಮ್ನೆ ಹೇಳುತ್ತಿಲ್ಲ. 2023ರಲ್ಲಿ ಜಯನಗರದ ಗೆಲುವಿನ ಅಂತರ 16 ಮತ. ತಳ್ಳಿಹಾಕಿದ ಅಂಚೆ ಮತಗಳಿಗಿಂತ ಅಂತರ ಕಡಿಮೆಯಾದರೆ, ಫಲಿತಾಂಶ ಸಾರುವ ಮೊದಲು ಅವನ್ನೆಲ್ಲ ಚುನಾವಣಾಧಿಕಾರಿ ಮತ್ತೆ ನೋಡಬೇಕು. ಆಗ ಏಜೆಂಟ್ ಯಾವ ಕಟ್ಟು ಬಿಚ್ಚಿ ಅಂತ ಕೇಳಬೇಕು, ಹೇಳಿ?
– ಎಸ್.

ಮರು: ಮರು: ಮರು:
ಎಲ್ಲರೂ ‘ಸಲ್ಲು’ ಮರೆತಿರಿ. ಅಸಿಂಧು ಯಾವ ನದಿ? ನನ್ನ ಪ್ರಕಾರ ಅದು ‘ಸಲ್ಲು’ವಿನಿಂದ ಬಂದ ‘ಸಂದ’ದ ವೇಷ ಬದಲಾದ ರೂಪ. ನೇರವಾಗಿ ‘ಸಲ್ಲದ ಮತ’ ಅನ್ನಿ. ನಾಣ್ಯ ಸಲ್ಲುತ್ತೆ, ಮಾತು ಸಲ್ಲುತ್ತೆ, ಮತ ಸಲ್ಲಬಾರದಾ? ಹಾಗೇ ಕೈಪಿಡಿಯ ‘ಗೈರುಹಾಜರಿ ಮತದಾರ’ನನ್ನೂ ತೆಗೆಯಿರಿ. ಎರಡೂ ತುಂಡು ಅರಬ್ಬಿ. ಲಕೋಟೆ ಮರಾಠಿ.
– ಕೆ.

ಮರು: ಮರು: ಮರು:
ಮತ ಸಂಸ್ಕೃತ, ಪ್ರೆಸ್ಸು ಇಂಗ್ಲಿಷ್. ಉಳಿದದ್ದು ಎಣಿಕೆ ಒಂದೇ, ಇಟ್ಟುಕೊಳ್ಳಿ.

ಗೈರುಹಾಜರಿ ಮತದಾರರಲ್ಲಿ 12ಡಿ ನಮೂನೆಯಲ್ಲಿ ಅರ್ಜಿ ಹಾಕಿ ಮನೆಯಿಂದಲೇ ಮತ ಹಾಕುವ ಹಿರಿಯರೂ ಇದ್ದಾರೆ. ಅವರಿಗೆ 2023ರಲ್ಲಿ 80 ದಾಟಿರಬೇಕಿತ್ತು, 2024ರಲ್ಲಿ ಅದು 85 ಆಯಿತು. ಅಂಥ ಅಜ್ಜಿಗೆ ಗೈರುಹಾಜರಿ ಅಂದರೆ ಅರ್ಥವಾಗುತ್ತೆ. ಶಾಲೆಯಲ್ಲಿ ಹಾಜರಿ ಕೂಗಿಸಿಕೊಂಡವರು ಅವರು. ಕೆ. ಅವರ ‘ಸಂದ’ಕ್ಕೆ ಆಧಾರ ಯಾವ ಶಾಸನ? ಊಹೆಯನ್ನು ವ್ಯುತ್ಪತ್ತಿ ಅಂತ ಮಾರಬೇಡಿ.
– ಜಿ.

ಮರು: ಮರು: ಮರು:
ಶಾಸನ ಕೇಳುವವರು ಮೊದಲು ‘ಕುಲಗೆಟ್ಟ’ಕ್ಕೆ ಉತ್ತರ ಕೊಡಲಿ.
– ಕೆ.

ಮರು:
ಎಸ್. ಮೇಡಂ, ಥ್ಯಾಂಕ್ಸ್. ‘ತಡವಾಗಿ ಬಂದ ಲಕೋಟೆ’, ‘ತೆರೆಯದೆ ತಳ್ಳಿದ ಮತ’, ‘ಅಸಿಂಧು ಮತ’ ಅಂತ ಹಾಕುತ್ತಿದ್ದೇನೆ. ‘ಸಲ್ಲದ’ ನನಗೂ ಇಷ್ಟ. ಆದರೆ ಎಣಿಕೆ ಕೇಂದ್ರದ ಮೈಕಿನಲ್ಲಿ ‘ಸಲ್ಲದ’, ‘ಸಲ್ಲುವ’ ಎರಡೂ ಒಂದೇ ಥರ ಕೇಳಿಸುತ್ತೆ.
– ವಿ.

ಮರು: ಮರು:
ಮೈಕ್ ಸರಿಮಾಡಿಸಿ.
– ಕೆ.